ಅತ್ತಿದ್ದು ಸರಿ, ಪುಸ್ತಕ ಹೇಗಿತ್ತು ಹೇಳಿ

ಹದಿನೇಳರ ಹುಡುಗಿ, ಅವಳಿಗೊಂದು ದೊಡ್ಡ ಕಾಯಿಲೆ, ಆಸ್ಪತ್ರೆಯಲ್ಲೋ ಕಾಲೇಜಿನಲ್ಲೋ ಸಿಗುವ ಹುಡುಗ. ಇಂಥ ಕಾದಂಬರಿಗಳು ದಾವಣಗೆರೆಯ ಪಿಯು ಹಾಸ್ಟೆಲ್‌ಗಳಲ್ಲಿ ಕೈಯಿಂದ ಕೈಗೆ ಓಡಾಡುತ್ತವೆ, ನೀಟ್ ಪುಸ್ತಕದೊಳಗೆ ಇಟ್ಟುಕೊಂಡು ಓದುವವರೂ ಇದ್ದಾರೆ. ಹೇಗಿದೆ ಅಂತ ಕೇಳಿದರೆ ಮಾತ್ರ ಎಲ್ಲರದ್ದೂ ಒಂದೇ ಉತ್ತರ: "ಸಖತ್ತಾಗಿದೆ, ಅತ್ತೂ ಅತ್ತೂ ಸಾಕಾಯ್ತು." ಅದು ನಿಮ್ಮ ಸುದ್ದಿ ಆಯಿತು. ಪುಸ್ತಕದ ಸುದ್ದಿ ಎಲ್ಲಿ? ಸಾಯುವ ಹುಡುಗಿಯನ್ನು ಯಾರು ತೋರಿಸಿದರೂ ಅಳು ಬರುತ್ತದೆ, ಅದಕ್ಕೆ ಒಳ್ಳೆಯ ಲೇಖಕರೇ ಬೇಕಿಲ್ಲ.

ಹಾಗಾಗಿ ಓದಿ ಮುಗಿಸಿದ ರಾತ್ರಿಯೇ ಅಭಿಪ್ರಾಯ ಬರೆಯಬೇಡಿ. ಒಂದೆರಡು ದಿನ ಬಿಡಿ. ಆಮೇಲೂ ನೆನಪಿರುವ ದೃಶ್ಯಗಳನ್ನು ಹಾಳೆಯ ಮೇಲೆ ಗುರುತು ಹಾಕಿಕೊಳ್ಳಿ. ಕೊನೆಯ ಸಾವು ಬಿಟ್ಟು ಬೇರೇನೂ ನೆನಪಾಗದಿದ್ದರೆ ಅದನ್ನೇ ಬರೆಯಿರಿ, ಅದೂ ಒಂದು ಅಭಿಪ್ರಾಯವೇ.

ಮುಂದಿನ ಕೆಲಸ, ಕಥೆಯಿಂದ ಕಾಯಿಲೆಯನ್ನು ತೆಗೆದು ನೋಡುವುದು. ಇಬ್ಬರೂ ಗಟ್ಟಿಮುಟ್ಟಾಗಿದ್ದಾರೆ, ಸಂಜೆ ಕುಂದವಾಡ ಕೆರೆ ಏರಿ ಮೇಲೆ ನಡೆಯುತ್ತಿದ್ದಾರೆ ಅಂದುಕೊಳ್ಳಿ. ಮಾತಾಡಲು ಅವರಿಗೆ ಏನಾದರೂ ಇದೆಯಾ? ಜಗಳಕ್ಕೆ ಕಾರಣ ಇದೆಯಾ? ಅವಳಿಗೆ ಅವನನ್ನು ಬಿಟ್ಟು ಬೇರೆ ಆಸೆ, ಹಟ, ಕೆಟ್ಟ ಸಿಟ್ಟು ಇದೆಯಾ? ಇಲ್ಲ ಅಂದರೆ ಲೇಖಕರು ಕನಿಕರಕ್ಕೇ ಪ್ರೀತಿ ಅಂತ ಹೆಸರಿಟ್ಟಿದ್ದಾರೆ. ಹುಡುಗನಿಗೆ ಬದುಕಿನ ಪಾಠ ಹೇಳಿಕೊಡಲು ಹುಡುಗಿ ಸಾಯುವ ಕಥೆಗಳು ನನಗಂತೂ ಸಾಕಾಗಿವೆ.

ಕಾಯಿಲೆಯ ವಿಷಯದಲ್ಲಿ ಸ್ವಲ್ಪ ಜಾಸ್ತಿ ದುಡಿಯಬೇಕು. ನಮ್ಮೂರಲ್ಲಿ ಮೆಡಿಕಲ್ ಓದುವವರಿಗೇನು ಬರ, ಜೆಜೆಎಂ ಕಾಲೇಜಿನ ಯಾರನ್ನಾದರೂ ಹಿಡಿದು ಕೇಳಿ. ಹಿಮೋಫಿಲಿಯಾ, ಅಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ ಇರುವ ನಾಯಕ ಬೆರಳು ಕುಯ್ದುಕೊಂಡು ರಕ್ತ ಸುರಿದು ಸತ್ತ ಅಂತ ಬರೆದಿದ್ದರೆ ಲೇಖಕರು ವಿಚಾರಿಸಿಲ್ಲ ಅಂತಲೇ ಲೆಕ್ಕ. ಆ ಕಾಯಿಲೆಯಲ್ಲಿ ಸಣ್ಣ ಗಾಯಕ್ಕಿಂತ ಒಳಗಿನ ರಕ್ತಸ್ರಾವದ ಕಾಟವೇ ಹೆಚ್ಚು: ಮಂಡಿ, ಮೊಣಕೈ ಊದಿಕೊಳ್ಳುತ್ತವೆ, ಕೀಲು ಹಾಳಾಗುತ್ತವೆ, ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್ ಇಂಜೆಕ್ಷನ್ ಬೇಕಾಗುತ್ತದೆ. ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇರುವುದೇ ದಾವಣಗೆರೆಯಲ್ಲಿ, ಅಂದಮೇಲೆ ಇಲ್ಲಿನ ಓದುಗರು ಈ ತಪ್ಪನ್ನು ಸುಮ್ನೆ ಬಿಡಬಾರದು ಅಲ್ವಾ?

ರಕ್ತದ ಕ್ಯಾನ್ಸರ್ ಕಥೆಗಳನ್ನು ಇನ್ನೂ ಹುಷಾರಾಗಿ ಓದಿ. 1981ರಲ್ಲಿ ಶಂಕರ್ ನಾಗ್ 'ಗೀತಾ' ಸಿನಿಮಾ ಮಾಡಿದಾಗ ಕಾಯಿಲೆಯ ಹೆಸರು ಕೇಳಿದರೆ ಸಾಕಿತ್ತು, ಮುಂದಿನದು ನೋಡುವವರಿಗೆ ಗೊತ್ತಾಗಿಬಿಡುತ್ತಿತ್ತು. ಈಗ ಹಾಗಿಲ್ಲ. ಮಕ್ಕಳಲ್ಲಿ ಹೆಚ್ಚಾಗಿ ಬರುವ ಎಎಲ್‌ಎಲ್ ಅನ್ನುವ ರಕ್ತದ ಕ್ಯಾನ್ಸರ್‌ಗೆ ಎರಡು ಮೂರು ವರ್ಷ ಚಿಕಿತ್ಸೆ ನಡೆಯುತ್ತದೆ, ಸರಿಯಾದ ಚಿಕಿತ್ಸೆ ಸಿಕ್ಕರೆ ಬಹಳಷ್ಟು ಮಕ್ಕಳು ಗುಣವಾಗುತ್ತಾರೆ. ಹಾಗಿರುವಾಗ ಮೂರನೇ ಅಧ್ಯಾಯದಲ್ಲಿ ಕಾಯಿಲೆ ಗೊತ್ತಾಗಿ ಕೊನೆಯಲ್ಲಿ ಸಾವು ಅಂದರೆ, ಮಧ್ಯೆ ಏನಾಯಿತು? ಔಷಧಿ ಹತ್ತಲಿಲ್ಲವಾ, ಕಾಯಿಲೆ ಮರುಕಳಿಸಿತಾ, ದುಡ್ಡು ಮುಗಿಯಿತಾ? ಕಾರಣ ಹೇಳದ ಸಾವು ಲೇಖಕರ ಅನುಕೂಲಕ್ಕೆ ಬಂದದ್ದು.

ಆಸ್ಪತ್ರೆಯಿಂದ ಓಡಿಹೋಗುವ ಅಧ್ಯಾಯ ಒಂದು ಇದ್ದೇ ಇರುತ್ತದೆ. ಚೆನ್ನಾಗಿಯೂ ಇರುತ್ತದೆ, ಇಲ್ಲ ಅನ್ನಲ್ಲ. ಆದರೆ ಹಲವು ಕಿಮೋ ಔಷಧಿಗಳ ನಂತರ ಒಂದೆರಡು ವಾರದಲ್ಲಿ ಸೋಂಕು ತಡೆಯುವ ಬಿಳಿ ರಕ್ತಕಣ ಕುಸಿದಿರುತ್ತವೆ, ಆಗ ಜ್ವರ ಬಂದರೆ ತಕ್ಷಣ ಆಸ್ಪತ್ರೆಗೆ ಓಡಬೇಕು. ಅಂಥ ಹೊತ್ತಲ್ಲಿ ಅವಳನ್ನು ದುಗ್ಗಮ್ಮನ ಜಾತ್ರೆಯಂಥ ಗದ್ದಲದಲ್ಲಿ ಸುತ್ತಿಸಿ, ಮಾರನೆಯ ದಿನ ಏನೂ ಆಗಿಲ್ಲ ಎಂಬಂತೆ ಕಥೆ ಮುಂದುವರಿದರೆ ಅದನ್ನು ಬರಹದಲ್ಲಿ ಎತ್ತಿ ತೋರಿಸಿ.

ಅಪ್ಪ ಅಮ್ಮ ಎಲ್ಲಿದ್ದಾರೆ ಅಂತಲೂ ನೋಡಿ. ಹದಿನೆಂಟು ತುಂಬದವರ ಚಿಕಿತ್ಸೆಗೆ ಸಹಿ ಹಾಕುವವರು ಅವರೇ. ಕಥೆ ನಮ್ಮ ಕಡೆಯದಾದರೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಸುಮಾರು 260 ಕಿಲೋಮೀಟರ್ ಹೋಗಿ ಬರಬೇಕು, ಅಪ್ಪನ ಕೆಲಸಕ್ಕೆ ರಜೆ, ತಮ್ಮನನ್ನು ಅಜ್ಜಿ ಮನೆಯಲ್ಲಿ ಬಿಡುವುದು, ಬಿಪಿಎಲ್ ಕಾರ್ಡ್ ಹಿಡಿದು ಕ್ಯೂ ನಿಲ್ಲುವುದು, ಇದೆಲ್ಲ ಬರಲೇಬೇಕು. ವಿದೇಶದ ಕಥೆಯಾದರೆ ಅಲ್ಲಿನ ಇನ್ಶೂರೆನ್ಸ್ ಪಾಡು ಬರಬೇಕು. ಬಿಲ್ಲೇ ಬಾರದ ಆಸ್ಪತ್ರೆಯನ್ನು ನಾನು ನಂಬುವುದಿಲ್ಲ.

ಇನ್ನು ಬರೆಯುವುದು. "ಮನ ಮುಟ್ಟುವ ಕಥೆ, ಎಲ್ಲರೂ ಓದಲೇಬೇಕು" ಅಂತ ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಬದಲಿಗೆ ಹೀಗೆ ಬರೆಯಿರಿ: "ಕೂದಲು ಉದುರಿದಾಗ ಅವಳು ಅಳುವುದಿಲ್ಲ, ಕನ್ನಡಿ ಒರೆಸುತ್ತಿದ್ದ ಅಮ್ಮನ ಮೇಲೆ ರೇಗುತ್ತಾಳೆ, ಆ ಎರಡು ಪುಟ ನನಗೆ ಇಷ್ಟವಾಯಿತು, ಆದರೆ ಹುಡುಗ ಮಾತೆತ್ತಿದರೆ ಐವತ್ತು ವರ್ಷದ ಮೇಷ್ಟ್ರ ಥರ ಭಾಷಣ ಮಾಡುತ್ತಾನೆ." ಒಂದು ಇಷ್ಟ, ಒಂದು ಕಿರಿಕಿರಿ, ಎರಡಕ್ಕೂ ಪುಸ್ತಕದೊಳಗಿನ ಸಾಕ್ಷಿ. ಅತ್ತಿದ್ದನ್ನೂ ಬರೆಯಿರಿ, ಯಾವ ಪುಟದಲ್ಲಿ ಅಂತ ಸೇರಿಸಿ.

ಯಾರು ಸಾಯುತ್ತಾರೆ ಅಂತ ಹೇಳಬೇಡಿ. ಒಬ್ಬರು ಸಾಯಬಹುದು ಅನ್ನುವುದು ಮುಖಪುಟ ನೋಡಿದರೇ ತಿಳಿಯುತ್ತದೆ, ಯಾರು ಅನ್ನುವುದಷ್ಟೇ ಉಳಿದಿರುವ ಗುಟ್ಟು. ಆದರೆ ಆಸ್ಪತ್ರೆ ವಿವರ ಯಾವ ಅಧ್ಯಾಯದಿಂದ ಭಾರವಾಗುತ್ತದೆ ಅಂತ ತಪ್ಪದೆ ತಿಳಿಸಿ. ಓದುವವರ ಮನೆಯಲ್ಲೇ ಈಗ ಯಾರಿಗೋ ಕಿಮೋ ನಡೆಯುತ್ತಿರಬಹುದು, ಓದಬೇಕೋ ಬೇಡವೋ ಅಂತ ಅವರೇ ತೀರ್ಮಾನ ಮಾಡಿಕೊಳ್ಳಲಿ.