ಬಚ್ಚಲಿನ ಬೂಷ್ಟು: ಎರಡು ವರ್ಷ ಉಜ್ಜಿದೆ, ಆಮೇಲೆ ಒಣಗಿಸಿದೆ

ಮೊದಲು ಕಂಡಿದ್ದು ಶವರ್ ಮೇಲಿನ ಸೀಲಿಂಗ್‌ನಲ್ಲಿ. ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆಗಳು, ಮೂಲೆಯಲ್ಲಿ ಏಳೆಂಟು. ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಹೋದವು. ಮೂರು ವಾರಕ್ಕೆ ಮತ್ತೆ ಬಂದವು, ಈ ಸಲ ಅಂಗೈ ಅಗಲ. ಆಮೇಲೆ ಟೈಲ್ಸ್ ನಡುವಿನ ಸಂದು ತುಂಬುವ ಗ್ರೌಟ್ ಕಪ್ಪಾಯಿತು. ಬಾಗಿಲು ತೆಗೆದರೆ ಕಮಟು ವಾಸನೆ. ಸ್ನಾನ ಮುಗಿಸಿ ಬಂದ ಮಗಳಿಗೆ ಸಾಲು ಸೀನು ಬರಲು ಶುರುವಾದಾಗ ನನಗೆ ನಿಜವಾಗಿ ಭಯವಾಯಿತು.

ಎರಡು ವರ್ಷ ನಾನು ಮಾಡಿದ್ದು ಒಂದೇ ಕೆಲಸ. ಬ್ಲೀಚ್ ಹಾಕುವುದು, ಉಜ್ಜುವುದು, ಬೆಳ್ಳಗಾಯಿತು ಅಂತ ಸಮಾಧಾನ ಪಡುವುದು. ಗ್ರೌಟ್ ಸ್ಪಂಜಿನ ಹಾಗೆ, ಸಣ್ಣ ಸಣ್ಣ ತೂತುಗಳಿರುತ್ತವೆ. ಬ್ಲೀಚ್ ಮೇಲಿನ ಬಣ್ಣ ತೆಗೆಯುತ್ತದೆ, ಒಳಗೆ ಇಳಿದ ಬೂಷ್ಟಿನ ಎಳೆಗಳು ಉಳಿದುಬಿಡಬಹುದು. ಇನ್ನೂ ಮುಖ್ಯವಾದ ಮಾತು ಬೇರೆ ಇದೆ. ಬೂಷ್ಟಿನ ಬೀಜಕಣಗಳು ಗಾಳಿಯಲ್ಲಿ ಯಾವಾಗಲೂ ಇರುತ್ತವೆ, ಅವನ್ನು ತಡೆಯಲು ಯಾರಿಂದಲೂ ಆಗದು. ಅವಕ್ಕೆ ಬೇಕಾದ ಊಟ ಸೋಪಿನ ಜಿಡ್ಡು, ಮೈಕೊಳೆ, ಧೂಳು. ಅದೂ ಬಚ್ಚಲಿನಲ್ಲಿ ಇದ್ದೇ ಇರುತ್ತದೆ. ನಮ್ಮ ಕೈಯಲ್ಲಿ ಪೂರ್ತಿಯಾಗಿ ಇರುವುದು ತೇವ ಒಂದೇ. ನಾನು ಅದನ್ನು ಮುಟ್ಟಿಯೇ ಇರಲಿಲ್ಲ.

ಒಂದು ದಿನ ಟಿಶ್ಯೂ ಕಾಗದದ ಚೂರೊಂದನ್ನು ಎಕ್ಸಾಸ್ಟ್ ಫ್ಯಾನ್‌ನ ಜಾಲರಿಗೆ ಹಿಡಿದು ನೋಡಿದೆ. ಫ್ಯಾನ್ ಎಳೆಯುತ್ತಿದ್ದರೆ ಕಾಗದ ಜಾಲರಿಗೆ ಅಂಟಿ ನಿಲ್ಲಬೇಕು. ನಮ್ಮದು ಕೆಳಗೆ ಬಿತ್ತು. ಸದ್ದು ಮಾತ್ರ ಜೋರಾಗಿತ್ತು, ಕೆಲಸ ಇರಲಿಲ್ಲ. ಜಾಲರಿ ಬಿಚ್ಚಿದರೆ ಧೂಳು ಕಂಬಳಿಯ ಹಾಗೆ ಕೂತಿತ್ತು. ಅದನ್ನು ತೊಳೆದ ಮೇಲೆ ಸ್ವಲ್ಪ ಸುಧಾರಿಸಿತು, ಆದರೂ ಕಾಗದ ನಿಲ್ಲಲಿಲ್ಲ. ಕೊನೆಗೆ ಬಾಗಿಲು ಎರಡು ಬೆರಳು ತೆರೆದೆ. ಟಪ್ ಅಂತ ಅಂಟಿತು.

ವಿಷಯ ಇಷ್ಟೇ: ಹೊರಗೆ ಹೋಗುವ ಗಾಳಿಯ ಜಾಗಕ್ಕೆ ಒಳಗೆ ಬರುವ ಗಾಳಿ ಬೇಕು. ನೀರು ಹೊರಗೆ ಹರಿಯಬಾರದು ಅಂತ ನಾನೇ ಬಾಗಿಲ ಕೆಳಗೆ ರಬ್ಬರ್ ಪಟ್ಟಿ ಹಾಕಿದ್ದೆ. ಕಿಟಕಿಯೂ ಮುಚ್ಚಿರುತ್ತಿತ್ತು. ಹಾಗಾದರೆ ಕಿಟಕಿ ತೆರೆದರೆ ಸಾಕಲ್ವಾ ಅಂತ ನಿಮಗೆ ಅನ್ನಿಸಬಹುದು. ನಮ್ಮ ಫ್ಯಾನ್ ಕಿಟಕಿಯ ಪಕ್ಕದಲ್ಲೇ ಇದೆ. ಕಿಟಕಿಯಿಂದ ಬಂದ ಗಾಳಿ ಸೀದಾ ಫ್ಯಾನ್‌ಗೆ ಹೋಗುತ್ತದೆ, ಶವರ್ ಮೂಲೆಯ ಹಬೆ ಅಲ್ಲೇ ನಿಲ್ಲುತ್ತದೆ. ಎದುರು ಬದಿಯ ಬಾಗಿಲಿನಿಂದ ಗಾಳಿ ಬಂದರೆ ಇಡೀ ಕೋಣೆ ದಾಟಿ ಹೋಗುತ್ತದೆ. ರಬ್ಬರ್ ಪಟ್ಟಿ ಕಿತ್ತುಹಾಕಿದೆ. ಸ್ನಾನ ಆದಮೇಲೂ ಅರ್ಧ ಗಂಟೆ ಫ್ಯಾನ್ ಓಡಲಿ ಅಂತ ಟೈಮರ್ ಸ್ವಿಚ್ ಹಾಕಿಸಿದೆ. ಮೊದಲು ನಾವು ಹೊರಗೆ ಬರುತ್ತಲೇ ಆರಿಸುತ್ತಿದ್ದೆವು, ಹಬೆ ಜಾಸ್ತಿ ಇರುವ ಹೊತ್ತೇ ಅದು.

ತೇವ ಅಳೆಯುವ ಪುಟ್ಟ ಮೀಟರ್ ಕೂಡ ತಂದಿಟ್ಟೆ. ಗಾಳಿಯ ತೇವಾಂಶ ಶೇಕಡಾ 60ಕ್ಕಿಂತ ಕೆಳಗಿರಬೇಕು, 30ರಿಂದ 50 ಇದ್ದರೆ ಒಳ್ಳೆಯದು. ನಮ್ಮಲ್ಲಿ ಸ್ನಾನ ಆದಕೂಡಲೇ 90 ದಾಟುತ್ತಿತ್ತು, ಮಧ್ಯಾಹ್ನದವರೆಗೂ ಇಳಿಯುತ್ತಿರಲಿಲ್ಲ. ಈಗ ಒಂದು ಗಂಟೆಯೊಳಗೆ 60ರ ಕೆಳಗೆ ಬರುತ್ತದೆ. ಅದರಲ್ಲಿ ಅರ್ಧ ಪಾಲು ವೈಪರ್‌ನದು. ಸ್ನಾನ ಮುಗಿದ ಮೇಲೆ ಗೋಡೆ, ಗಾಜು, ನೆಲದ ನೀರನ್ನು ಎಳೆದು ಮೋರಿಗೆ ತಳ್ಳುತ್ತೇವೆ, ಒಂದೇ ನಿಮಿಷದ ಕೆಲಸ. ಮೋರಿಗೆ ಹೋದ ನೀರು ಆವಿಯಾಗಿ ಸೀಲಿಂಗ್‌ಗೆ ಹತ್ತುವುದಿಲ್ಲ. ಒಂದೇ ಒಂದು ಅಭ್ಯಾಸ ಹೇಳಿ ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಒದ್ದೆ ಟವೆಲ್ ಒಳಗೆ ಬಿಡಬೇಡಿ. ಶವರ್ ಪರದೆಯನ್ನು ಮಡಿಕೆ ಇಲ್ಲದೆ ಹರಡಿ ಬಿಡಿ.

ಇಷ್ಟಾದರೂ ನಲ್ಲಿಯ ಕೆಳಗಿನ ಒಂದು ಮೂಲೆ ಮಾತ್ರ ಕಪ್ಪಾಗುತ್ತಲೇ ಇತ್ತು. ಐದು ದಿನ ಮನೆಯಲ್ಲಿ ಯಾರೂ ಇರಲಿಲ್ಲ. ವಾಪಸ್ ಬಂದಾಗ ಇಡೀ ಬಚ್ಚಲು ಬಣಬಣ ಒಣಗಿತ್ತು, ಆ ಮೂಲೆ ಮಾತ್ರ ತಣ್ಣಗೆ, ಒದ್ದೆ. ಸ್ನಾನವೇ ಇಲ್ಲದೆ ನೀರು ಎಲ್ಲಿಂದ ಬಂತು? ಪ್ಲಂಬರ್ ಒಂದು ಟೈಲ್ ಬಿಚ್ಚಿ ನೋಡಿದರು, ಒಳಗಿನ ಪೈಪ್ ಜಾಯಿಂಟ್ ಹನಿಯುತ್ತಿತ್ತು. ಅದು ಸರಿಯಾಗುವ ತನಕ ನಾನು ಎಷ್ಟು ಉಜ್ಜಿದ್ದರೂ ವ್ಯರ್ಥವೇ. ನಿಮ್ಮಲ್ಲೂ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬರುತ್ತಿದ್ದರೆ ಮೊದಲು ಸೋರಿಕೆ ಹುಡುಕಿ.

ಇಷ್ಟೆಲ್ಲ ಆದಮೇಲೆ ಕೊನೆಯ ಸಲ ಕೂತು ತೊಳೆದೆ. ಕೈಗವಸು, ಕನ್ನಡಕ, ಎನ್-95 ಮಾಸ್ಕ್ ಹಾಕಿಕೊಂಡೆ. ಒಣ ಬೂಷ್ಟನ್ನು ಉಜ್ಜಿದರೆ ಕಣಗಳು ಹಾರುತ್ತವೆ, ಆದ್ದರಿಂದ ಮೊದಲು ನೀರು ಸಿಂಪಡಿಸಿ ನೆನೆಸಿದೆ. ಆಮೇಲೆ ಸೋಪಿನ ಪುಡಿ ನೀರು, ಗಟ್ಟಿ ಬ್ರಷ್. ಜಿಡ್ಡು ಹೋಗದೆ ಯಾವ ಔಷಧಿಯೂ ಒಳಗೆ ಇಳಿಯುವುದಿಲ್ಲ. ಸೀಲಿಂಗ್‌ಗೆ ಶೇಕಡಾ 3ರ ಹೈಡ್ರೋಜನ್ ಪೆರಾಕ್ಸೈಡ್ ಸಿಂಪಡಿಸಿ ಹತ್ತು ನಿಮಿಷ ಬಿಟ್ಟು ಒರೆಸಿದೆ. ಟೈಲ್ಸ್‌ಗೆ ಮರುದಿನ ಬ್ಲೀಚ್, ನಾಲ್ಕು ಲೀಟರ್ ನೀರಿಗೆ ಒಂದು ಕಪ್, ಅದಕ್ಕಿಂತ ಜಾಸ್ತಿ ಬೇಡ. ವಿನೆಗರ್ ಕೂಡ ಕೆಲಸ ಮಾಡುತ್ತದೆ, ಆದರೆ ಮಾರ್ಬಲ್‌ಗೆ ತಾಗಬಾರದು, ಹೊಳಪು ಹೋಗುತ್ತದೆ. ಸಿಮೆಂಟ್ ಗ್ರೌಟ್‌ಗೂ ಪದೇಪದೇ ಹಾಕಿದರೆ ಸವೆಯುತ್ತದೆ.

ಇಲ್ಲಿ ದಯವಿಟ್ಟು ನಿಧಾನವಾಗಿ ಓದಿ. ಹಿಂದೊಮ್ಮೆ ಕಮೋಡ್‌ಗೆ ಆ್ಯಸಿಡ್ ಕ್ಲೀನರ್ ಹಾಕಿಟ್ಟು, ಅದನ್ನು ತೊಳೆಯುವ ಮೊದಲೇ ಪಕ್ಕದ ಗೋಡೆಗೆ ಬ್ಲೀಚ್ ಹೊಡೆದಿದ್ದೆ. ಅದು ಕೆಳಗೆ ಹರಿದು ಆ್ಯಸಿಡ್‌ಗೆ ಸೇರಿತು. ಕ್ಷಣದಲ್ಲಿ ಗಂಟಲು ಉರಿದು, ಕಣ್ಣಲ್ಲಿ ನೀರು ಸುರಿದು ಹೊರಗೆ ಓಡಿ ಬಂದೆ. ಅದು ಕ್ಲೋರಿನ್ ಅನಿಲ. ಬ್ಲೀಚ್ ಜೊತೆ ಆ್ಯಸಿಡ್, ವಿನೆಗರ್, ಅಮೋನಿಯಾ ಇರುವ ಕ್ಲೀನರ್ ಯಾವುದೂ ಸೇರಬಾರದು. ಒಂದು ದಿನಕ್ಕೆ ಒಂದೇ ಬಗೆಯ ರಾಸಾಯನಿಕ, ಬಾಗಿಲು ಕಿಟಕಿ ತೆರೆದಿರಲಿ.

ವಾಶ್ ಬೇಸಿನ್ ಅಂಚಿನ ಸಿಲಿಕಾನ್‌ನಲ್ಲಿದ್ದ ಕಪ್ಪು ಯಾವುದಕ್ಕೂ ಬಗ್ಗಲಿಲ್ಲ. ಬೂಷ್ಟು ಸಿಲಿಕಾನ್‌ನ ಒಳಗೇ ಬೆಳೆದಿತ್ತು. ಬ್ಲೇಡಿನಿಂದ ಪೂರ್ತಿ ಕೆತ್ತಿ ತೆಗೆದು, ಸ್ಪಿರಿಟ್‌ನಲ್ಲಿ ಒರೆಸಿ, ಚೆನ್ನಾಗಿ ಒಣಗಿಸಿ ಹೊಸದು ಹಾಕಿದೆ. ಹಳೆಯದರ ಮೇಲೇ ಹೊಸದು ಹಾಕಿದರೆ ಹಿಡಿಯುವುದಿಲ್ಲ. 24 ಗಂಟೆ ನೀರು ತಾಗಿಸಲಿಲ್ಲ. ಬೂಷ್ಟಿನ ಮೇಲೆ ಬಣ್ಣ ಹೊಡೆಯುವುದೂ ಇದೇ ಕಥೆ, ಸ್ವಲ್ಪ ದಿನಕ್ಕೆ ಪದರ ಎದ್ದು ಬರುತ್ತದೆ. ಮೋರಿಯ ಸುತ್ತ ಕಾಣುವ ಗುಲಾಬಿ ಲೋಳೆ ಬಹಳ ಸಲ ಬೂಷ್ಟಲ್ಲ, ಬ್ಯಾಕ್ಟೀರಿಯಾ. ವಾರಕ್ಕೊಮ್ಮೆ ಉಜ್ಜಿದರೆ ಸಾಕು. ಬೂಷ್ಟು ಒಂದು ಚದರ ಮೀಟರ್‌ಗಿಂತ ಹೆಚ್ಚು ಹರಡಿದ್ದರೆ, ಇಲ್ಲವೇ ಮನೆಯಲ್ಲಿ ಉಬ್ಬಸ ಇರುವವರಿದ್ದರೆ, ಸುಮ್ನೆ ನೀವೇ ಕೈಹಾಕಬೇಡಿ. ಗೊತ್ತಿರುವವರನ್ನು ಕರೆಸಿ.

ಈಗ ಹದಿನಾಲ್ಕು ತಿಂಗಳಾಯಿತು. ಸೀಲಿಂಗ್ ಹಾಗೇ ಬೆಳ್ಳಗಿದೆ. ಕಿಟಕಿ ಕೆಳಗಿನ ಗ್ರೌಟ್‌ನಲ್ಲಿ ಒಂದು ಮಸುಕು ಕಲೆ ಉಳಿದಿದೆ, ಅದರ ಸುತ್ತ ಪೆನ್ಸಿಲ್‌ನಿಂದ ಗೆರೆ ಎಳೆದಿದ್ದೇನೆ. ಪ್ರತಿ ಭಾನುವಾರ ಮುಟ್ಟಿ ನೋಡುತ್ತೇನೆ. ಒಣಗಿದೆ, ಗೆರೆ ದಾಟಿಲ್ಲ.