ಮೀಟರಲ್ಲಿ 2 ಲಕ್ಷ ಕಿಲೋಮೀಟರ್ ಆಗಿರೋ ಹಳೇ ಎಸ್‌ಯುವಿ: ತಗೊಳ್ಳೋದಾ, ಬಿಡೋದಾ?

ಹಳೇ ಎಸ್‌ಯುವಿ ನೋಡೋಕೆ ಹೋದೋರು ಸೀದಾ ಮೀಟರಿಗೇ ಕಣ್ಣು ಹಾಕ್ತಾರೆ. 2 ಲಕ್ಷ ಅಂತ ಕಂಡ್ರೆ ಅಯ್ಯೋ ಬೇಡಪ್ಪ, 70 ಸಾವಿರ ಅಂತ ಕಂಡ್ರೆ ಅಡ್ವಾನ್ಸ್ ಕೊಟ್ಟೇಬಿಡೋದು. ಆದ್ರೆ ಹೈವೇಲಿ ಒಂದೇ ಸಮ ಓಡಿರೋ 2 ಲಕ್ಷದ ಡೀಸೆಲ್ ಗಾಡಿ, ಟ್ರಾಫಿಕ್ಕಲ್ಲಿ ಅರ್ಧ ಕ್ಲಚ್ಚಲ್ಲೇ 70 ಸಾವಿರ ತೆವಳಿರೋ ಗಾಡಿಗಿಂತ ಎಷ್ಟೋ ಸಲ ಗಟ್ಟಿ ಇರತ್ತೆ. ಅದಕ್ಕೇ ನಾನು ಮೊದಲು ಕೇಳೋದು ಸರ್ವೀಸ್ ಫೈಲು.

ಫೈಲಲ್ಲಿ ಇಂಜಿನ್ ಆಯಿಲ್ ಟೈಮಿಗೆ ಸರಿಯಾಗಿ ಬದಲಾಗಿದ್ಯಾ ನೋಡಿ, ಆಮೇಲೆ ಟೈಮಿಂಗ್ ಬೆಲ್ಟ್ (ಇಂಜಿನ್ನಿನ ವಾಲ್ವು, ಪಿಸ್ಟನ್ನು ತಾಳ ತಪ್ಪದ ಹಾಗೆ ನೋಡ್ಕೊಳ್ಳೋ ಬೆಲ್ಟು) ಯಾವಾಗ ಹಾಕ್ಸಿದ್ದು ಅಂತ ಹುಡುಕಿ, ಯಾಕಂದ್ರೆ ಓಡ್ತಾ ಇರುವಾಗ ಅದು ತುಂಡಾದ್ರೆ ಬಹಳಷ್ಟು ಇಂಜಿನ್ನುಗಳಲ್ಲಿ ವಾಲ್ವು ಹೋಗಿ ಪಿಸ್ಟನ್ನಿಗೆ ಗುದ್ದತ್ತೆ, ಅಲ್ಲಿಗೆ ಇಂಜಿನ್ ಕಥೆ ಮುಗೀತು. ಬಿಲ್ ಇಲ್ಲ, "ಹಾಕ್ಸಿದ್ದೀವಿ ಸರ್" ಅನ್ನೋ ಮಾತು ಮಾತ್ರ ಇದೆ ಅಂದ್ರೆ ಹಾಕ್ಸಿಲ್ಲ ಅಂತಾನೇ ಲೆಕ್ಕ ಇಟ್ಕೊಳಿ. ಬೆಲ್ಟ್ ಬದಲು ಚೈನ್ ಇರೋ ಇಂಜಿನ್ ಆದ್ರೂ ಆಯಿಲ್ ನೋಡ್ಕೊಂಡಿಲ್ಲ ಅಂದ್ರೆ ಚೈನ್ ಸಡಿಲ ಆಗತ್ತೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಗಲಗಲ ಅನ್ನತ್ತೆ. ಮೀಟರ್ ಕಮ್ಮಿ ತೋರಿಸ್ತಿದೆ ಆದ್ರೆ ಬ್ರೇಕ್ ಪೆಡಲ್ ರಬ್ಬರ್ ನುಣ್ಣಗೆ ಸವೆದಿದೆ, ಸ್ಟೀರಿಂಗ್ ಪಳಪಳ ಹೊಳೀತಿದೆ, ಡ್ರೈವರ್ ಸೀಟಿನ ಅಂಚು ಕುಸಿದಿದೆ ಅಂದ್ರೆ ಆ ಮೀಟರಿಗೆ ಯಾರೋ ಕೈ ಹಾಕಿರ್ಬೋದು.

ಆಮೇಲೆ ಕೋಲ್ಡ್ ಸ್ಟಾರ್ಟ್, ಅಂದ್ರೆ ತಣ್ಣಗಿರೋ ಇಂಜಿನ್ ಸ್ಟಾರ್ಟ್ ಮಾಡಿ ನೋಡೋದು, ಬಿಸಿ ಇಂಜಿನ್ ತೊಂದರೆ ಮುಚ್ಚಿಡತ್ತೆ. ನಾವು ಬರೋ ತನಕ ಗಾಡಿ ಸ್ಟಾರ್ಟ್ ಮಾಡ್ಬೇಡಿ ಅಂತ ಫೋನಲ್ಲೇ ಹೇಳಿ, ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಡಿ. ನಾನೊಂದ್ಸಲ ಬೆಳಿಗ್ಗೆ 7 ಗಂಟೆಗೆ ಹೋದ್ರೆ ಬಾನೆಟ್ ಬಿಸಿಬಿಸಿ, ಕೇಳಿದ್ರೆ "ಈಗಷ್ಟೇ ತೊಳ್ಸಿಕೊಂಡು ಬಂದೆ" ಅಂದ ಪುಣ್ಯಾತ್ಮ, ಟೈರೆಲ್ಲ ಒಣಗಿದ ಮಣ್ಣು! ಸ್ಟಾರ್ಟ್ ಆದ್ಮೇಲೆ ಹಿಂದೆ ನಿಂತು ಹೊಗೆ ನೋಡಿ. ನೀಲಿ ಬಂದ್ರೆ ಆಯಿಲ್ ಉರೀತಿದೆ. ದಟ್ಟ ಬಿಳಿ ಹೊಗೆ, ಸಿಹಿ ವಾಸನೆ, ನಿಲ್ಲೋದೇ ಇಲ್ಲ ಅಂದ್ರೆ ಕೂಲೆಂಟ್ (ಇಂಜಿನ್ ತಣ್ಣಗಿಡೋ ದ್ರವ) ಇಂಜಿನ್ ಒಳಗೆ ಇಂಧನ ಉರಿಯೋ ಜಾಗಕ್ಕೆ ಹೋಗ್ತಿದೆ, ಅಲ್ಲಿಂದ ವಾಪಸ್ ಬಂದ್ಬಿಡಿ.

ಈಗ ಜನ ಬಟ್ಟೆ ಕೊಳೆಯಾಗತ್ತೆ ಅಂತ ಬಿಡೋ ಕೆಲಸ, ಗಾಡಿ ಕೆಳಗೆ ಮಲಗೋದು. ಒಂದು ಟಾರ್ಚು, ಒಂದು ಸ್ಕ್ರೂಡ್ರೈವರ್ ಸಾಕು. ಲ್ಯಾಡರ್ ಫ್ರೇಮ್, ಅಂದ್ರೆ ಬಾಡಿ ಕೆಳಗೆ ಏಣಿ ಥರದ ಬೇರೆ ಚೌಕಟ್ಟು (ಚಾಸಿ), ಇದ್ರೆ ಅದರ ಉದ್ದಕ್ಕೂ, ಮುಖ್ಯವಾಗಿ ಹಿಂದಿನ ಚಕ್ರದ ಹತ್ರ, ಸ್ಕ್ರೂಡ್ರೈವರ್ ಹಿಡಿಯಿಂದ ಕುಟ್ಕೊಂಡು ಹೋಗಿ: ಟಣ್ ಅಂದ್ರೆ ಸರಿ, ಡಬ್ ಅಂತ ಮಂಕಾಗಿ ಕೇಳಿ ಪುಡಿ ಉದುರಿದ್ರೆ ತುಕ್ಕು ಒಳಗೇ ತಿಂದಿದೆ. ಇಂಜಿನ್ ಆದ್ರೆ ರಿಪೇರಿ ಮಾಡಿಸ್ಬೋದು, ಕೊಳೆತ ಚಾಸಿ ಮಾತ್ರ ಬೇಡ. ಕೆಳಗಡೆ ಮಾತ್ರ ಹೊಸ ಕಪ್ಪು ಪೇಂಟ್ ಹೊಡೆದಿದ್ರೂ ಅನುಮಾನ ಪಡಿ. ಚಕ್ರದ ಒಳಬದಿಗೆ ಗ್ರೀಸ್ ಸಿಡಿದಿದ್ರೆ ಆಕ್ಸಲ್ ಬೂಟ್ (ಆಕ್ಸಲ್ ಜಾಯಿಂಟಿನ ಗ್ರೀಸ್ ಹಿಡಿದಿಡೋ ರಬ್ಬರ್ ಕವರ್) ಹರಿದಿದೆ ಅಂತ.

ಟೈರಿನ ಪಕ್ಕದಲ್ಲಿ ನಾಲ್ಕಂಕಿ ಇರತ್ತೆ, 2319 ಅಂದ್ರೆ 2019ರ 23ನೇ ವಾರ ತಯಾರಾಗಿದ್ದು. ಆಲ್ ವೀಲ್ ಡ್ರೈವ್ ಆದ್ರೆ ನಾಲ್ಕೂ ಟೈರ್ ಒಂದೇ ಥರ ಸವೆದಿರ್ಬೇಕು, ಇಲ್ಲಾಂದ್ರೆ ಡ್ರೈವ್ ಸಿಸ್ಟಮ್ಮಿಗೆ ಹೊಡೆತ.

ಓಡಿಸೋವಾಗ ಹಾಡು ಆಫ್ ಮಾಡಿ, ಎಸಿ ಹಾಕಿ, ಕಮ್ಮಿ ಅಂದ್ರೂ ಅರ್ಧ ಗಂಟೆ ಓಡ್ಸಿ. ಆಟೋಮ್ಯಾಟಿಕ್ ಆದ್ರೆ ರಿವರ್ಸ್‌ಗೆ ಹಾಕಿದಾಗ ಧಡ್ ಅನ್ನತ್ತಾ, ಗೇರ್ ಬೀಳೋಕೆ ತಡವಾಗತ್ತಾ ಗಮನಿಸಿ. ಫೋರ್ ಲೋ (ನಾಲ್ಕೂ ಚಕ್ರಕ್ಕೆ ಕಮ್ಮಿ ವೇಗ, ಜಾಸ್ತಿ ಎಳೆತ ಕೊಡೋ ಗೇರು) ಇದ್ರೆ ಮಣ್ಣಿನ ಜಾಗದಲ್ಲಿ ಹಾಕಿ ನೋಡಿ, ಟಾರ್ ರೋಡಲ್ಲಿ ಬೇಡ. ವರ್ಷಗಟ್ಟಲೆ ಮುಟ್ಟದೇ ಇರೋ ಲಿವರ್ ಜಾಮ್ ಆಗಿರೋದು ಹೊಸದೇನಲ್ಲ. ಓಬಿಡಿ ಸ್ಕ್ಯಾನರ್ (ಗಾಡಿಯ ಕಂಪ್ಯೂಟರಲ್ಲಿರೋ ಎರರ್ ಓದೋ ಸಾಧನ) ಸಿಕ್ಕಿದ್ರೆ ಎರರ್ ಇಲ್ಲ ಅಂತ ಖುಷಿಪಟ್ಟು ಸುಮ್ನಾಗ್ಬೇಡಿ, ಗಾಡಿ ತನ್ನನ್ನ ತಾನೇ ಚೆಕ್ ಮಾಡ್ಕೊಳ್ಳೋ ಮಾನಿಟರ್‌ಗಳು ರೆಡಿ ಇಲ್ಲ ಅಂತ ಬಂದ್ರೆ ಎರರ್‌ನ ಇತ್ತೀಚೆಗೆ ಅಳಿಸಿರ್ಬೋದು, ಇಲ್ಲಾ ಬ್ಯಾಟರಿ ಬಿಚ್ಚಿರ್ಬೋದು. ಯಾಕೆ ಅಂತ ಮಾರೋನನ್ನ ಕೇಳಿ.

ಇಷ್ಟಾದ್ಮೇಲೆ ಕೂತು ಲೆಕ್ಕ. ಮುಂದಿನ ಒಂದು ವರ್ಷದಲ್ಲಿ ಏನೇನು ಬದಲಾಯಿಸ್ಬೇಕು, ಟೈರು, ಬೆಲ್ಟು, ಕ್ಲಚ್ಚು, ಸಸ್ಪೆನ್ಷನ್ ಬುಶ್ಶು, ಬ್ಯಾಟರಿ, ಎಲ್ಲಾದಕ್ಕೂ ಮೆಕ್ಯಾನಿಕ್ ಹತ್ರ ರೇಟ್ ಕೇಳಿ ಗಾಡಿ ಬೆಲೆಗೆ ಕೂಡ್ಸಿ. ಗಾಡಿ ಅಗ್ಗ ಇರ್ಬೋದು, ಆದ್ರೆ ದೊಡ್ಡ ಗಾಡಿಯ ಟೈರು, ಬ್ರೇಕು, ಆಯಿಲ್ ಯಾವತ್ತೂ ದೊಡ್ಡ ಗಾಡಿ ರೇಟಿಗೇ. ಆ ಮೊತ್ತಕ್ಕೆ ಕಮ್ಮಿ ಓಡಿರೋ ಚಿಕ್ಕ ಗಾಡಿ ಬರತ್ತೆ, ನೀವು ಹೋಗೋ ರೋಡಿಗೆ ಅದೇ ಸಾಕು ಅಂದ್ರೆ ಅದನ್ನೇ ತಗೊಳಿ. ಮನೇಲಿ ಇರೋದೇ ಇದೊಂದು ಗಾಡಿ ಆಗೋದಾದ್ರೆ ಇನ್ನೂ ಯೋಚ್ನೆ ಮಾಡಿ, ಯಾಕಂದ್ರೆ ಹಳೇ ಗಾಡಿ ಪಾರ್ಟ್ಸ್‌ಗೆ ಕಾಯ್ತಾ ವಾರಗಟ್ಟಲೆ ಗ್ಯಾರೇಜಲ್ಲಿ ನಿಲ್ಲೋದುಂಟು.

ತಗೊಳ್ಳೋದೇ ಅಂತ ಅನ್ಸಿದ್ರೆ ಚಾಸಿ ನಂಬರ್ ಪೇಪರ್ ಜೊತೆ ತಾಳೆ ನೋಡಿ, ಆಮೇಲೆ ನಿಮಗೆ ಗೊತ್ತಿರೋ ಮೆಕ್ಯಾನಿಕ್ ಹತ್ರ ಲಿಫ್ಟ್ ಮೇಲೆ ಹತ್ತಿಸಿ ತೋರ್ಸಿ. ಮಾರೋನು "ಅಲ್ಲಿಗೆಲ್ಲ ಬೇಡ, ನಮ್ಮ ಹುಡುಗನೇ ನೋಡಿದಾನೆ" ಅಂದ್ರೆ ಕೀ ಅವನ ಕೈಗಿಟ್ಟು ಬನ್ನಿ.