ಕೊಳದ ಕೆಂಪುಕಿವಿ ಆಮೆಗೆ ಮನೆಯಲ್ಲೇ ಮಾಡುವ ತೇಲುವ ಪಂಜರ

ಅಪಾರ್ಟ್‌ಮೆಂಟುಗಳ ಅಲಂಕಾರದ ಕೊಳಗಳಲ್ಲಿ ಕಾಣುವ, ಕಣ್ಣಿನ ಹಿಂದೆ ಕೆಂಪು ಪಟ್ಟೆಯಿರುವ ಆಮೆ ನಮ್ಮ ನಾಡಿನದಲ್ಲ. ಅಮೆರಿಕದ ಮಿಸಿಸಿಪ್ಪಿ ನದಿಯ ಸೀಮೆಯಿಂದ ಸಾಕುಪ್ರಾಣಿಗಳ ವ್ಯಾಪಾರದ ಮೂಲಕ ಬಂದ ರೆಡ್-ಇಯರ್ಡ್ ಸ್ಲೈಡರ್ ಅದು. ಅಂಗೈಯಲ್ಲಿ ಹಿಡಿಸುವ ಮರಿಯನ್ನು ಕೊಂಡವರು, ಅದು ಊಟದ ತಟ್ಟೆಯಷ್ಟು ಬೆಳೆದಾಗ ಕೊಳಕ್ಕೆ ಬಿಟ್ಟುಬಿಡುತ್ತಾರೆ. ಅಲ್ಲಿ ಅದು ಆಹಾರಕ್ಕೂ ಬಿಸಿಲು ಕಾಯುವ ಜಾಗಕ್ಕೂ ದೇಶೀ ಆಮೆಗಳೊಡನೆ ಪೈಪೋಟಿ ನಡೆಸುತ್ತದೆ. ದೇಶೀ ಆಮೆಗಳನ್ನು ಹಿಡಿಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧವಾದ್ದರಿಂದ, ಅರಣ್ಯ ಇಲಾಖೆಯ ಲಿಖಿತ ಒಪ್ಪಿಗೆ ಪಡೆದು, ಹಿಡಿದ ಆಮೆಯನ್ನು ಯಾರಿಗೆ ಒಪ್ಪಿಸಬೇಕೆಂದು ಖಚಿತಪಡಿಸಿಕೊಂಡ ಮೇಲೆಯೇ ಕೆಂಪುಕಿವಿ ಆಮೆ ಹಿಡಿಯುವ ಕೆಲಸಕ್ಕೆ ಕೈಹಾಕಬೇಕು.

ಮೀನಿನ ಬಲೆಯನ್ನು ಪೂರ್ತಿ ಮುಳುಗಿಸಿಟ್ಟು, ಮರುದಿನ ಸತ್ತ ಆಮೆಗಳನ್ನು ಮೇಲೆತ್ತಿದವರನ್ನು ಕಂಡಿದ್ದೇನೆ. ಆಮೆ ಉಸಿರಾಡುವುದು ಶ್ವಾಸಕೋಶದಿಂದ. ಮೇಲೆ ಬರಲು ದಾರಿಯಿಲ್ಲದಿದ್ದರೆ ಅದು ನೀರಿನಲ್ಲೇ ಉಸಿರುಗಟ್ಟಿ ಸಾಯುತ್ತದೆ. ಆದ್ದರಿಂದ ಮೇಲ್ಭಾಗ ತೆರೆದಿರುವ ತೇಲುವ ಪಂಜರವನ್ನು ಮಾತ್ರ ಬಳಸಿ.

ಒಂದೊಂದು ಮೀಟರ್ ಉದ್ದದ, 110 ಮಿ.ಮೀ. ವ್ಯಾಸದ ನಾಲ್ಕು ಪಿವಿಸಿ ಪೈಪುಗಳನ್ನು ನಾಲ್ಕು ಎಲ್ಬೋಗಳಿಂದ (ಮೂಲೆಯ ಜೋಡಣೆಗಳಿಂದ) ಚೌಕವಾಗಿ ಜೋಡಿಸಿ, ಪೈಪು ಅಂಟಿಸುವ ಸಾಲ್ವೆಂಟ್ ಸಿಮೆಂಟ್ ಹಚ್ಚಿ ಒಂದು ದಿನ ಒಣಗಲು ಬಿಡಿ. ಒಳಗೆ ಗಾಳಿ ಉಳಿದಿದ್ದರೆ ಪ್ರತಿ ಮೀಟರ್ ಪೈಪು ತನ್ನ ತೂಕವೂ ಸೇರಿ ಸುಮಾರು ಒಂಬತ್ತು ಕಿಲೋ ಭಾರವನ್ನು ತೇಲಿಸಬಲ್ಲದು.

ಹೆಚ್ಚಿನವರು ಎಡವುವುದು ಬಲೆ ಕಟ್ಟುವಾಗ. ಪೈಪಿಗೆ ತೂತು ಕೊರೆದು ಬಲೆ ಕಟ್ಟಿದರೆ ನೀರು ಒಳನುಗ್ಗಿ ಚೌಕಟ್ಟೇ ಮುಳುಗುತ್ತದೆ. ಪೈಪಿನ ನೆತ್ತಿಗೆ ಕಟ್ಟಿದರೆ ಆಮೆ ಬಲೆಯನ್ನೇ ಏಣಿ ಮಾಡಿಕೊಂಡು ಹತ್ತಿಹೋಗುತ್ತದೆ. ಬಲೆಯ ಅಂಚಿಗೆ ನೈಲಾನ್ ಹಗ್ಗ ಪೋಣಿಸಿ, ಆ ಹಗ್ಗವನ್ನು ಪೈಪಿನ ಕೆಳಹೊಟ್ಟೆಗೆ ಒತ್ತಿ, ಗೇಣಿಗೊಂದರಂತೆ ತೆಳುವಾದ ದಾರವನ್ನು ಪೈಪಿನ ಸುತ್ತ ಬಿಗಿದು ಕಟ್ಟಬೇಕು. ಬಲೆಗೂ ಪೈಪಿಗೂ ನಡುವೆ ಎರಡು ಬೆರಳು ತೂರುವ ಸಂದು ಎಲ್ಲಿದ್ದರೂ ಆ ಕಟ್ಟನ್ನು ಬಿಚ್ಚಿ ಮತ್ತೆ ಕಟ್ಟಿ. ಬಲೆ ಅರ್ಧ ಮೀಟರಿಗಿಂತ ಆಳವಿರಲಿ, ಕಣ್ಣುಗಳು ಒಂದು ಇಂಚಿಗಿಂತ ದೊಡ್ಡದಿರಬಾರದು, ತಳಕ್ಕೆ ನಾಲ್ಕು ನುಣುಪಾದ ಕಲ್ಲುಗಳನ್ನು ಕಟ್ಟಿರಿ. ಅಗ್ಗವೆಂದು ಕೋಳಿಗೂಡಿನ ತಂತಿಜಾಲರಿಯನ್ನು ಖಂಡಿತ ತರಬೇಡಿ. ಅದರ ಕತ್ತರಿಸಿದ ತುದಿಗಳು ಆಮೆಯ ಕಾಲನ್ನೂ ನಿಮ್ಮ ಕೈಯನ್ನೂ ಸೀಳುತ್ತವೆ.

ಇನ್ನು ಆಮೆ ಬಿಸಿಲು ಕಾಯಲು ಹತ್ತುವ ಹಲಗೆಗಳು. ಪ್ರತಿ ಬದಿಯಲ್ಲೂ ಒಂದೊಂದು ಹಲಗೆಯನ್ನು ಪೈಪಿನ ಮೇಲೆ ಓರೆಯಾಗಿರಿಸಿ ಹಗ್ಗದಿಂದ ಬಿಗಿಯಿರಿ. ಹೊರ ಅಂಚು ನೀರಿನೊಳಗೆ ಇಳಿದಿರಬೇಕು, ಒಳ ಅಂಚು ಹಂಚಿನ ಮನೆಯ ಸೂರಿನಂತೆ ಬಲೆಯ ಮೇಲೆ ಒಂದು ಗೇಣು ಚಾಚಿರಬೇಕು. ಹತ್ತಲು ಹಿಡಿತ ಸಿಗುವಂತೆ ಮೇಲ್ಮೈಗೆ ತೆಂಗಿನ ನಾರಿನ ಹಗ್ಗ ಸುತ್ತಿ, ಒಳಕ್ಕೆ ಚಾಚಿದ ಭಾಗದ ಅಡಿಗೆ ಮಾತ್ರ ನುಣುಪಾದ ಪ್ಲಾಸ್ಟಿಕ್ ಹಾಳೆ ಅಂಟಿಸಿ. ನಾಲ್ಕು ಮೂಲೆಗಳಲ್ಲಿ ಹಲಗೆಗಳ ನಡುವೆ ಉಳಿಯುವ ತೆರಪನ್ನು ಮುಚ್ಚದಿದ್ದರೆ ಆಮೆ ಅಲ್ಲಿಂದಲೇ ಪಾರಾಗುತ್ತದೆ.

ದಿನವಿಡೀ ಬಿಸಿಲು ಬೀಳುವ, ಬಲೆಯ ತಳ ಕೆಸರಿಗೆ ತಾಗದಷ್ಟು ಆಳವಿರುವ ಕಡೆ ಎರಡು ಹಗ್ಗಗಳಿಂದ ಪಂಜರವನ್ನು ನಿಲ್ಲಿಸಿ. ಮೊದಲ ವಾರ ಬಲೆಯನ್ನು ಮೇಲಕ್ಕೆತ್ತಿ ಕಟ್ಟಿ, ಆಮೆಗಳು ಹಲಗೆಗೆ ಒಗ್ಗಿಕೊಳ್ಳಲು ಬಿಡಿ. ಕೋಳಿಯ ತ್ಯಾಜ್ಯವನ್ನು ಆಮಿಷವಾಗಿ ಹಾಕುವ ರೂಢಿ ನನಗೆ ಒಪ್ಪಿಗೆಯಿಲ್ಲ. ಅದು ನೀರನ್ನು ಕೆಡಿಸುತ್ತದೆ, ದೇಶೀ ಆಮೆಗಳನ್ನೂ ಸೆಳೆಯುತ್ತದೆ. ಬಿಸಿಲು ಕಾಯುತ್ತಿರುವ ಆಮೆ ಬೆದರಿ ಧುಮುಕುವಾಗ ಕೆಲವು ಹೊರಕ್ಕೆ ಜಾರಿದರೂ ಉಳಿದವು ಬಲೆಗೆ ಬೀಳುತ್ತವೆ, ಅಷ್ಟು ಸಾಕು.

ಬೆಳಿಗ್ಗೆ, ಸಂಜೆ ಎರಡು ಹೊತ್ತೂ ತಪ್ಪದೆ ನೋಡಬೇಕು. ಮೆತ್ತನೆಯ ಚರ್ಮದಂಥ ಚಿಪ್ಪಿನ ಆಮೆಯಾಗಲಿ, ಬೆನ್ನಿನ ಮೇಲೆ ಮೂರು ಏಣುಗಳಿರುವ ಕಪ್ಪು ಆಮೆಯಾಗಲಿ ಸಿಕ್ಕರೆ ತಕ್ಷಣ ಅದೇ ಕೊಳಕ್ಕೆ ಬಿಡಿ. ಕೆಂಪು ಪಟ್ಟೆಯದನ್ನು ಚಿಪ್ಪಿನ ಎರಡೂ ಪಕ್ಕ ಹಿಡಿದು ಮುಚ್ಚಳವಿರುವ ತೊಟ್ಟಿಗೆ ಹಾಕಿ ಇಲಾಖೆಯವರಿಗೆ ಒಪ್ಪಿಸಿ; ಬೇರೆ ಕೆರೆಗೆ ಬಿಟ್ಟುಬರಬೇಡಿ. ಆಮೆಗಳ ಮೈಮೇಲೆ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದಾದ್ದರಿಂದ ಪ್ರತಿ ಸಲವೂ ಸೋಪಿನಿಂದ ಕೈ ತೊಳೆಯಿರಿ. ಊರಿಗೆ ಹೋಗುವ ದಿನಗಳಲ್ಲಿ ಬಲೆಯನ್ನು ಮೇಲೆತ್ತಿ ಕಟ್ಟಿಯೇ ಹೊರಡಿ.